ಹಿಟ್ಟಿನ ಹುಂಜ ಕೂಗಿದಾಗ



ದೆವ್ವ, ರಕ್ತ, ಸಾವುಗಳಿಂದ ತುಂಬಿದ ಪುಸ್ತಕವೊಂದು ಮಕ್ಕಳ ಕೈಯಲ್ಲಿ ಕಂಡರೆ ತಂದೆತಾಯಿಗಳ ಮನಸ್ಸು ಅಳುಕುವುದು ಸಹಜ. ವಿಶ್ವಾಸಿಗಳ ಮನೆಯಲ್ಲಿ ಇಂಥವನ್ನು ಓದಬಹುದೇ ಎಂದು ತಾವೂ ಒಮ್ಮೆಯಾದರೂ ಕೇಳಿಕೊಂಡಿರಬಹುದು. ಈ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ, ಹಳೆಯ ಮಿತ್ರರಾದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮನೆಯ ಜಗಲಿಯಲ್ಲಿ.

ಅಂದು ಶುಕ್ರವಾರ. ಮಹಾಲಕ್ಷ್ಮಿಯ ದರ್ಶನಕ್ಕೆ ಬಂದ ಜನರಿಂದ ಬೀದಿ ತುಂಬಿತ್ತು. ಮೇಷ್ಟ್ರ ಮನೆಯಲ್ಲಿ ಅವರ ಬಂಧುಗಳೂ ನಮ್ಮ ಧರ್ಮಕೇಂದ್ರದ ಎರಡು ಮೂರು ಕುಟುಂಬಗಳೂ ಕಲೆತಿದ್ದೆವು. ಬೆಂಗಳೂರಿನಲ್ಲಿ ಓದುತ್ತಿರುವ ನಮ್ಮ ತರುಣನೊಬ್ಬ ಒಂದು ಇಂಗ್ಲಿಷ್ ಕಾದಂಬರಿಯ ಮಾತು ತೆಗೆದ. ಅಮೆರಿಕದ ಲೇಖಕ ಕ್ರಿಸ್ಟೋಫರ್ ಬ್ಯೂಲ್‌ಮನ್ 2012ರಲ್ಲಿ ಪ್ರಕಟಿಸಿದ ಆ ಕೃತಿಯ ಹೆಸರು 'ಬಿಟ್ವೀನ್ ಟು ಫೈರ್ಸ್'. ಕಥೆ ನಡೆಯುವುದು 1348ರ ಫ್ರಾನ್ಸಿನಲ್ಲಿ, ಮಹಾಮಾರಿ ಪ್ಲೇಗು ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ. ಮಾನಗೆಟ್ಟು ಕಳ್ಳರ ಜೊತೆ ಸೇರಿದ್ದ ಒಬ್ಬ ಯೋಧನನ್ನು ಅನಾಥ ಬಾಲಕಿಯೊಬ್ಬಳು ಪಿಶಾಚಿಗಳ ನಡುವಿನಿಂದ ರಕ್ಷಣೆಯ ಹಾದಿಗೆ ಕರೆದೊಯ್ಯುತ್ತಾಳೆ. ಆ ಹುಡುಗನ ಗೆಳೆಯರಲ್ಲಿ ಕೆಲವರು ಅದರ ಕ್ರೌರ್ಯವನ್ನು ತಾಳಲಾರದೆ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿದರಂತೆ. ಕೊನೆಯವರೆಗೂ ಓದಿದವರು ಕಣ್ಣೀರಿಟ್ಟರಂತೆ.

ಎಲ್ಲವನ್ನೂ ಕೇಳಿಸಿಕೊಂಡ ಮೇಷ್ಟ್ರು ನಕ್ಕು, "ಇದಕ್ಕೆ ನೀವು ಫ್ರಾನ್ಸಿನ ತನಕ ಹೋಗಬೇಕಾಗಿತ್ತೇನಪ್ಪಾ?" ಎಂದು ಒಳಗಿನಿಂದ ಒಂದು ಹಳೆಯ ಪುಸ್ತಕ ತಂದರು. ಅದು ಜನ್ನನ 'ಯಶೋಧರ ಚರಿತೆ'.

ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜೈನಕವಿ ಜನ್ನ ಈ ಕಾವ್ಯವನ್ನು ಮುಗಿಸಿದ್ದು 1209ರಲ್ಲಿ. ಮುನ್ನೂರಕ್ಕೂ ಮಿಕ್ಕ ಕಂದಪದ್ಯಗಳು, ನಾಲ್ಕು ಅವತಾರಗಳು. ಚಂಡಮಾರಿಯ ಗುಡಿಯಲ್ಲಿ ಕಥೆ ತೆರೆದುಕೊಳ್ಳುತ್ತದೆ. ಅರಸ ಮಾರಿದತ್ತ ಕತ್ತಿ ಹಿಡಿದು ನಿಂತಿದ್ದಾನೆ. ಬಲಿಗೆಂದು ಎಳೆತಂದವರು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರು; ಇನ್ನೂ ಎಳೆಯರು. ಸಾವಿನ ಮುಂದೆಯೂ ಅಳುಕದ ಆ ಮಕ್ಕಳನ್ನು ಕಂಡು ಬೆರಗಾದ ಅರಸ, ನೀವು ಯಾರೆಂದು ಕೇಳುತ್ತಾನೆ. ಅವರು ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಹೇಳತೊಡಗುತ್ತಾರೆ.

ಅಭಯರುಚಿ ಹಿಂದೊಮ್ಮೆ ಉಜ್ಜಯಿನಿಯ ಅರಸ ಯಶೋಧರನಾಗಿದ್ದ. ಅಭಯಮತಿ ಅವನ ತಾಯಿ ಚಂದ್ರಮತಿ. ರಾಣಿ ಅಮೃತಮತಿ ಇರುಳಿನಲ್ಲಿ ಕೇಳಿದ ಹಾಡಿಗೆ ಮನಸೋತು, ಕುರೂಪಿಯಾದ ಮಾವುತನನ್ನು ಕೂಡುತ್ತಾಳೆ. ಕಣ್ಣಾರೆ ಕಂಡ ಅರಸ ಕತ್ತಿಯೆತ್ತಿ, ತಡೆದುಕೊಂಡು ಹಿಂದಿರುಗುತ್ತಾನೆ. ಆದರೆ ಮರುದಿನ ತಾಯಿಗೆ ನಿಜವನ್ನು ಹೇಳದೆ, ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಕನಸಿನ ಕೇಡು ಕಳೆಯಲು ದೇವಿಗೆ ಬಲಿ ಕೊಡೆಂದು ತಾಯಿ ಹಠ ಹಿಡಿಯುತ್ತಾಳೆ. ಜೀವಹಿಂಸೆ ಒಲ್ಲದ ಮಗ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗುತ್ತದೆ!

ಆಮೇಲೆ ರಾಣಿ ತಾಯಿಮಗ ಇಬ್ಬರಿಗೂ ವಿಷವಿಕ್ಕುತ್ತಾಳೆ. ಅವರು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣಗಳಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ತಂದೆಯ ಶ್ರಾದ್ಧಕ್ಕೆಂದು ಮಗನೇ, ಅರಿಯದೆ, ತಂದೆಯನ್ನು ಅಡುಗೆಗೆ ಒಪ್ಪಿಸುವ ಸನ್ನಿವೇಶವೂ ಅಲ್ಲಿದೆ. ಇದಕ್ಕಿಂತ ಘೋರವಾದ ಕಥೆ ಇನ್ನಾವುದು?

ಮೇಷ್ಟ್ರು ಓದಿ ಮುಗಿಸಿದಾಗ ಜಗಲಿಯಲ್ಲಿ ವಾದ ಎದ್ದಿತು. "ಕಡಿದದ್ದು ಹಿಟ್ಟು ತಾನೇ ಸಾರ್? ಅಷ್ಟಕ್ಕೇ ಇಷ್ಟೊಂದು ಶಿಕ್ಷೆಯೇ?" ಎಂದು ತರುಣ ಸಿಡಿದ. ಮೇಷ್ಟ್ರ ಮಡದಿ ಮೆಲ್ಲಗೆ, "ಎಲ್ಲರಿಗೂ ಬಿಡುಗಡೆ ಇದೆ, ಅಮೃತಮತಿಗೆ ಮಾತ್ರ ನರಕ. ಆಕೆಯ ಮಾತನ್ನು ಯಾರು ಕೇಳಿದರು?" ಎಂದರು.

ಎರಡನೆಯ ಆಕ್ಷೇಪವನ್ನು ಮೊದಲು ನೋಡೋಣ. ಅದು ನ್ಯಾಯವಾದದ್ದು. ಕೊಲೆ ಮಾಡಿದವಳನ್ನು ಕವಿ ಖಂಡಿಸಿದ್ದು ತಪ್ಪಲ್ಲ. ಆದರೆ ಕತ್ತಿ ಹಿಡಿದ ಮಾರಿದತ್ತನಿಗೆ ಪರಿವರ್ತನೆಯ ಅವಕಾಶ ಕೊಟ್ಟ ಕಾವ್ಯ, ಅಮೃತಮತಿಯ ಬಳಿಗೆ ಯಾರನ್ನೂ ಕಳುಹಿಸುವುದಿಲ್ಲ. ಈ ಕೊರತೆಯನ್ನು ಕನ್ನಡದ ಓದುಗರು ಬಹುಕಾಲದಿಂದ ಗುರುತಿಸಿದ್ದಾರೆ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯನ್ನು 'ಹಿಟ್ಟಿನ ಹುಂಜ' ನಾಟಕವಾಗಿಸಿದಾಗ ರಾಣಿಗೆ ತನ್ನ ಮಾತನ್ನು ತಾನೇ ಆಡುವ ಅವಕಾಶವನ್ನು ಕೊಟ್ಟರು. ಪಾಪಿಯಾದ ಸ್ತ್ರೀಯ ಮುಂದೆ ಕಲ್ಲು ಹಿಡಿದು ನಿಂತವರನ್ನು ಯೇಸುಸ್ವಾಮಿ ಹೇಗೆ ಎದುರಿಸಿದರೆಂಬುದನ್ನು ಬಲ್ಲ ನಮಗೆ ಜನ್ನನ ಈ ಕಾಠಿಣ್ಯ ಸಹನೆಯಾಗದು, ಆಗಲೂ ಬಾರದು.

ತರುಣನ ಆಕ್ಷೇಪದಲ್ಲಿಯೇ ಕಾವ್ಯದ ತಿರುಳಿದೆ. ಹುಂಜ ಹಿಟ್ಟಿನದು, ನಿಜ. ಕತ್ತಿಯೆತ್ತಿದ ಸಂಕಲ್ಪ ಹಿಟ್ಟಿನದಲ್ಲ. ಸಂಕಲ್ಪದಲ್ಲಿಯೇ ಹಿಂಸೆಯಿದೆ ಎಂಬುದು ಜನ್ನನ ಧರ್ಮದ ದೃಷ್ಟಿ. ಜನ್ಮಜನ್ಮಾಂತರದ ಆ ದರ್ಶನ ನಮ್ಮದಲ್ಲ. ಜನ್ನನನ್ನು ನಮ್ಮವನನ್ನಾಗಿ ಮಾಡಿಕೊಳ್ಳುವ ಅವಸರವೂ ಬೇಡ. ಆದರೆ ಕೊಲೆಯ ಬೇರನ್ನು ಮನಸ್ಸಿನ ಸಿಟ್ಟಿನಲ್ಲಿಯೇ ತೋರಿಸಿಕೊಟ್ಟ ಪರ್ವತ ಪ್ರಸಂಗವನ್ನು ಕೇಳಿ ಬೆಳೆದ ನಾವು ಈ ಮಾತಿಗೆ ಕಿವುಡಾಗಲಾರೆವು. ಯಶೋಧರ ಕ್ರೂರಿಯಲ್ಲ, ಸಭ್ಯ. ಹೆಂಡತಿಯೊಡನೆ ಮಾತನಾಡಲಾರದೆ ಕನಸಿನ ಸುಳ್ಳು ಹೇಳಿದ; ತಾಯಿಯನ್ನು ಎದುರಿಸಲಾರದೆ ಹಿಟ್ಟಿನ ಮೊರೆ ಹೊಕ್ಕ. ದೇವರಿಗೂ ಮನಸ್ಸಾಕ್ಷಿಗೂ ಏಕಕಾಲದಲ್ಲಿ ಮೋಸ ಮಾಡಬಹುದೆಂದು ಅವನು ನಂಬಿದ್ದೇ ಈ ಕಥೆಯ ನಿಜವಾದ ಘೋರ. ಚಂಡಮಾರಿಯ ಗುಡಿಯ ರಕ್ತವಲ್ಲ.

ಇಲ್ಲಿ ನನ್ನ ಮಾತೊಂದನ್ನು ಹೇಳಿಕೊಳ್ಳಬೇಕು. ಹೊಲದ ಬದುವಿನ ವಿಚಾರವಾಗಿ ನನಗೂ ನನ್ನ ತಮ್ಮನಿಗೂ ಕೆಲವು ವರ್ಷ ಮಾತಿರಲಿಲ್ಲ. ಬಲಿಪೂಜೆಯಲ್ಲಿ ಪರಸ್ಪರ ಶಾಂತಿ ಸೂಚಿಸುವಾಗ ಮಾತ್ರ ಎಲ್ಲರೂ ಕಾಣುವಂತೆ ಅವನಿಗೆ ಕೈಮುಗಿಯುತ್ತಿದ್ದೆ. ಒಳಗೆ, ಅವನು ಕೇಸು ಸೋಲಲೆಂದು ಹಾರೈಸುತ್ತಿದ್ದೆ. ಕಾಣಿಕೆ ಅರ್ಪಿಸುವ ಮೊದಲು ಸಹೋದರನೊಡನೆ ರಾಜಿಯಾಗಬೇಕೆಂಬ ಪ್ರಭುವಿನ ಬೋಧನೆಯನ್ನು ಎಷ್ಟು ಸಲ ಕೇಳಿದ್ದೆನೋ! ಅಂದು ಜಗಲಿಯಲ್ಲಿ ಕುಳಿತಾಗ ಆ ಕೈಮುಗಿತ ನನ್ನ ಹಿಟ್ಟಿನ ಹುಂಜವೆಂದು ತಿಳಿಯಿತು. ಅದು ಕೂಗಿದ್ದು ನನಗೆ ಕೇಳಿಸಿತು. ಮರುದಿನ ತಮ್ಮನ ಮನೆಗೆ ಹೋದೆ. ಬದುವಿನ ತಕರಾರು ಇನ್ನೂ ತೀರಿಲ್ಲ. ಮಾತು ಮಾತ್ರ ಶುರುವಾಗಿದೆ.

ಹುಂಜದ ಕೂಗು ನಮಗೆ ಅಪರಿಚಿತವಲ್ಲ. ಪ್ರಧಾನ ಯಾಜಕನ ಅಂಗಳದಲ್ಲಿ ಆ ಕೂಗು ಕೇಳಿ ಪೇತ್ರನು ಹೊರಗೆ ಹೋಗಿ ಅತ್ತನು. ಅವನ ಪುನರುತ್ಥಾನ ಆ ಕಣ್ಣೀರಿನಿಂದಲೇ ಮೊದಲಾಯಿತು. ಜನ್ನನ ಕಾವ್ಯದಲ್ಲಿಯೂ ಬಿಡುಗಡೆ ಬರುವುದು ಹೀಗೆಯೇ, ಕಹಿಯಾದ ನಿಜವನ್ನು ಮುಚ್ಚಿಡದೆ ಹೇಳುವುದರಿಂದ. ಬಲಿಯಾಗಬೇಕಿದ್ದ ಇಬ್ಬರು ಮಕ್ಕಳು ತಮ್ಮ ತಪ್ಪನ್ನೇ ಒಪ್ಪಿಕೊಂಡು ಹೇಳಿದಾಗ ಕಡಿಯಬೇಕಿದ್ದವನ ಮನಸ್ಸು ಕರಗುತ್ತದೆ. ಅವನು ಹಿಂಸೆಯನ್ನು ತೊರೆಯುತ್ತಾನೆ. ಫ್ರಾನ್ಸಿನ ಯೋಧನನ್ನು ನಡೆಸಿದ್ದೂ ಒಂದು ಮಗುವೇ ಅಲ್ಲವೇ?

ಆದುದರಿಂದ, ಓದುಗರೇ, ಪುಸ್ತಕದಲ್ಲಿ ದೆವ್ವವಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಬೇಡಿ. ಬರೀ ಮೈನಡುಕಕ್ಕಾಗಿ ಬರೆದದ್ದನ್ನು ಬದಿಗಿಡಿ. ಆದರೆ ಓದುಗನನ್ನು ಹೆದರಿಸಿ, ಅವನೊಳಗಿನ ಸುಳ್ಳನ್ನು ತೋರಿಸುವ ಕೃತಿಯಾದರೆ ಮಕ್ಕಳೊಡನೆ ತಾವೂ ಕುಳಿತು ಓದಿರಿ. ಮಹಾಲಕ್ಷ್ಮಿಗೆ ಹೂವು ಹಣ್ಣು ಹಿಡಿದು ಬರುವ ನೆರೆಯವರಿರಲಿ, ವೇಳಾಂಕಣ್ಣಿಗೆ ಮುಡಿ ಕೊಡಲು ಹೊರಡುವ ನಮ್ಮವರಿರಲಿ, ಹರಕೆ ಹೊತ್ತವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಜನ್ನ ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ್ದಾನೆ: ನೀನು ಅರ್ಪಿಸುತ್ತಿರುವುದು ಹೃದಯವನ್ನೋ, ಹಿಟ್ಟನ್ನೋ?