ಚಿಲಕ ಹಾಕಿತ್ತು ಎಂದವರು ಯಾರು?

ಕೋಣೆಯೊಳಗೆ ಹೆಣ ಬಿದ್ದಿದೆ. ಬಾಗಿಲಿಗೆ ಒಳಗಿನಿಂದ ಚಿಲಕ, ಕಿಟಕಿಗಳೆಲ್ಲ ಭದ್ರ, ಕೊಲೆಗಾರ ಮಾತ್ರ ಇಲ್ಲ. ಪತ್ತೇದಾರಿ ಸಾಹಿತ್ಯದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ದೊಡ್ಡ ಸವಾಲು ಒಡ್ಡುವ ಬಗೆ ಇನ್ನೊಂದಿಲ್ಲ. ಹೊಸದಾಗಿ ಇದರ ರುಚಿ ನೋಡಲು ಬಂದವರು ಸಾಮಾನ್ಯವಾಗಿ ನೇರ ಬಾಗಿಲಿಗೇ ಹೋಗುತ್ತಾರೆ. ನಕಲಿ ಕೀಲಿ ಇತ್ತೇ, ಹೊರಗಿನಿಂದ ದಾರ ಕಟ್ಟಿ ಅಗುಳಿ ಎಳೆದರೇ, ಗೋಡೆಯಲ್ಲಿ ಕಳ್ಳದಾರಿ ಇದೆಯೇ ಎಂದು ಲೆಕ್ಕ ಹಾಕುತ್ತ ಪುಟ ತಿರುವುತ್ತಾರೆ. ಕೊನೆಯಲ್ಲಿ ಗುಟ್ಟು ಬಿಚ್ಚಿಕೊಂಡಾಗ ‘ಇಷ್ಟೇನಾ?’ ಎಂದು ಪುಸ್ತಕ ಮುಚ್ಚಿಡುತ್ತಾರೆ. ಆ ನಿರಾಸೆಗೆ ಕಾರಣ ಹೆಚ್ಚಾಗಿ ಪುಸ್ತಕವಲ್ಲ, ಅವರು ನೋಡುತ್ತಿದ್ದ ದಿಕ್ಕು. ಈ ಬಗೆಯ ಕಥೆಗಳಲ್ಲಿ ಬೀಗಕ್ಕಿಂತ ಮುಖ್ಯವಾದದ್ದು ಸಾಕ್ಷಿ. ‘ಚಿಲಕ ಹಾಕಿತ್ತು’ ಎಂಬುದನ್ನು ಯಾರೋ ಒಬ್ಬರು, ಯಾವುದೋ ಹೊತ್ತಿನಲ್ಲಿ, ಏನನ್ನೋ ನೋಡಿ ಅಥವಾ ನೋಡಿದೆನೆಂದು ತಿಳಿದು ಹೇಳಿರುತ್ತಾರೆ. ಆ ಮಾತು ನಮ್ಮ ತಲೆಯಲ್ಲಿ ಯಾವ ಕ್ಷಣದಲ್ಲಿ ವಾಸ್ತವವಾಗಿಬಿಟ್ಟಿತು ಎಂದು ಪತ್ತೆ ಹಚ್ಚುವುದರಲ್ಲೇ ಇದರ ಸ್ವಾರಸ್ಯವೆಲ್ಲ ಇದೆ.

ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಇದಕ್ಕೆ ಮೊದಲ ಪುರಾವೆ. (ಇದರ ಗುಟ್ಟನ್ನು ಇಲ್ಲಿ ಬಿಡಿಸಿಯೇ ಹೇಳುತ್ತೇನೆ. ಇಷ್ಟು ಹಳೆಯ ಗುಟ್ಟನ್ನು ಕಾಪಾಡಿ ಪ್ರಯೋಜನವಿಲ್ಲ.) ಪ್ಯಾರಿಸ್ಸಿನ ಒಂದು ಮನೆಯ ಮೇಲಂತಸ್ತಿನಿಂದ ನಸುಕಿನಲ್ಲಿ ಚೀತ್ಕಾರ ಕೇಳಿಸುತ್ತದೆ. ಜನ ಬಾಗಿಲು ಒಡೆದು ಮೇಲೆ ಹತ್ತಿದರೆ ಮಗಳ ಹೆಣ ಹೊಗೆಗೂಡಿನಲ್ಲಿ, ತಾಯಿಯದು ಹಿತ್ತಲಲ್ಲಿ. ಕೋಣೆಗೆ ಬೀಗ, ಕೀಲಿ ಒಳಗೇ ಇದೆ. ಮೆಟ್ಟಿಲು ಹತ್ತುವಾಗ ಎಲ್ಲರಿಗೂ ಎರಡು ದನಿ ಕೇಳಿಸಿತ್ತು. ಒಂದು ಫ್ರೆಂಚಿನವನ ಗಡಸು ದನಿ, ಅದರಲ್ಲಿ ತಕರಾರಿಲ್ಲ. ಇನ್ನೊಂದು ಕೀರಲು ದನಿ. ಅದು ಸ್ಪ್ಯಾನಿಷ್ ಇದ್ದೀತು ಎನ್ನುತ್ತಾನೆ ಫ್ರೆಂಚ್ ಸಾಕ್ಷಿ. ಡಚ್ಚಿನವನಿಗೆ ಅದು ಫ್ರೆಂಚಿನಂತೆ ಕೇಳಿಸಿದೆ, ಇಂಗ್ಲಿಷಿನವನಿಗೆ ಜರ್ಮನ್ನಿನಂತೆ, ಸ್ಪೇನಿನವನಿಗೆ ಇಂಗ್ಲಿಷಿನಂತೆ, ಇಟಲಿಯವನಿಗೆ ರಷ್ಯನ್ನಿನಂತೆ. ತನಗೆ ಬಾರದ ಭಾಷೆಯನ್ನೇ ಪ್ರತಿಯೊಬ್ಬನೂ ಹೆಸರಿಸುತ್ತಾನೆ. ಯಾರೂ ಸುಳ್ಳು ಹೇಳುತ್ತಿಲ್ಲ. ಕೇಳಿಸಿದ್ದು ಒಂದು ಸದ್ದು, ಹೇಳಿಕೆಯಲ್ಲಿ ಅದು ಭಾಷೆಯಾಗಿದೆ. ಕಿಟಕಿಯದೂ ಇದೇ ಕಥೆ. ಚೌಕಟ್ಟಿಗೆ ಹೊಡೆದ ಮೊಳೆಯ ತಲೆ ಕಂಡ ಪೊಲೀಸರು ಇಡೀ ಮೊಳೆಯನ್ನೇ ಕಂಡೆವೆಂದುಕೊಂಡರು. ಕಥೆಯ ಪತ್ತೇದಾರ ಡ್ಯೂಪಿನ್ ಮುಟ್ಟಿದಾಗ ತಲೆಯಷ್ಟೇ ಕೈಗೆ ಬಂತು, ಮೊಳೆ ಒಳಗೆ ಎಂದೋ ಮುರಿದಿತ್ತು. ಕೊನೆಗೆ ಕೊಲೆಗಾರನಾಗಿ ಬರುವ ಒರಾಂಗುಟಾನ್ ಬಗ್ಗೆ ಎಷ್ಟು ಬೇಕಾದರೂ ನಗಬಹುದು, ನಗುವುದು ನ್ಯಾಯವೇ. ಆದರೆ ಕಥೆ ನಿಂತಿರುವುದು ಆ ಪ್ರಾಣಿಯ ಮೇಲಲ್ಲ. ಐದು ದೇಶದ ಸಾಕ್ಷಿಗಳು ಮತ್ತು ಒಂದು ಮೊಳೆಯ ತಲೆ, ಈ ಎರಡರಲ್ಲಿ ಪೋ ಇಡೀ ಪ್ರಕಾರಕ್ಕೆ ಬೇಕಾದ ವ್ಯಾಕರಣವನ್ನೇ ಬರೆದಿಟ್ಟ.

ಅವನ ನಂತರ ಬಂದವರು ಆ ವ್ಯಾಕರಣವನ್ನು ಬಿಗಿಗೊಳಿಸುತ್ತ ಹೋದರು. ಇಸ್ರೇಲ್ ಜ್ಯಾಂಗ್ವಿಲ್‌ನ ‘ದಿ ಬಿಗ್ ಬೋ ಮಿಸ್ಟರಿ’ 1891ರಲ್ಲಿ ಲಂಡನ್ನಿನ ‘ದಿ ಸ್ಟಾರ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಕೊಲೆ ಹೀಗಾಗಿರಬೇಕು ಹಾಗಾಗಿರಬೇಕು ಎಂದು ಓದುಗರು ಪತ್ರಿಕೆಗೆ ಪತ್ರ ಬರೆದರು. ಒಳ್ಳೆಯ ರಹಸ್ಯವನ್ನು ಓದುಗ ಬಿಡಿಸಲು ಸಾಧ್ಯವಿರಬೇಕು, ಆದರೂ ಬಿಡಿಸಲಾಗದೆ ಸೋಲಬೇಕು ಎಂಬ ಅರ್ಥದ ಮಾತನ್ನು ಜ್ಯಾಂಗ್ವಿಲ್ ಆಮೇಲೆ ಪುಸ್ತಕದ ಮುನ್ನುಡಿಯಲ್ಲಿ ಹೇಳಿದ. ಕೇಳಲು ವಿರೋಧಾಭಾಸ, ಆದರೆ ಇದಕ್ಕಿಂತ ಸರಿಯಾದ ಅಳತೆಗೋಲು ಸಿಗುವುದು ಕಷ್ಟ. ಚೆಸ್ಟರ್‌ಟನ್ನನ ಫಾದರ್ ಬ್ರೌನ್ ಕಥೆಯೊಂದರಲ್ಲಿ ನಾಲ್ವರು ಒಂದು ಕಟ್ಟಡದ ಬಾಗಿಲನ್ನೇ ಕಾಯುತ್ತಾರೆ, ಒಳಗೆ ಯಾರೂ ಹೋಗಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತಾರೆ. ಹಿಮದ ಮೇಲೆ ಹೆಜ್ಜೆ ಗುರುತು ಮಾತ್ರ ಬೇರೆಯೇ ಹೇಳುತ್ತದೆ. ಅಲ್ಲಿ ಬೀಗವೂ ಇಲ್ಲ, ಚಿಲಕವೂ ಇಲ್ಲ. ‘ಯಾರೂ’ ಎಂದಾಗ ಆ ನಾಲ್ವರ ಮನಸ್ಸಿನಲ್ಲಿ ಯಾರು ಯಾರು ಲೆಕ್ಕಕ್ಕೇ ಬರುವುದಿಲ್ಲ ಎಂಬುದೇ ಕಥೆಯ ಕೀಲಿ.

ಈ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರ ಸಿಗುವುದು ಜಾನ್ ಡಿಕ್ಸನ್ ಕಾರ್‌ನಲ್ಲಿ. ಅಮೆರಿಕದಲ್ಲಿ ಹುಟ್ಟಿ ಬಹುಪಾಲು ಇಂಗ್ಲೆಂಡನ್ನೇ ಕಥಾಭೂಮಿ ಮಾಡಿಕೊಂಡ ಕಾರ್ ಬದುಕಿಡೀ ಈ ಒಂದೇ ಗೀಳಿಗೆ ಅಂಟಿಕೊಂಡವನು. 1935ರ ‘ದಿ ಹಾಲೋ ಮ್ಯಾನ್’ ಕಾದಂಬರಿಯ 17ನೇ ಅಧ್ಯಾಯದಲ್ಲಿ ಅವನ ಪತ್ತೇದಾರ ಡಾಕ್ಟರ್ ಫೆಲ್ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ನಾವೆಲ್ಲ ಒಂದು ಪತ್ತೇದಾರಿ ಕಾದಂಬರಿಯ ಪಾತ್ರಗಳೇ ಎಂದು ನಾಚಿಕೆಯಿಲ್ಲದೆ ಒಪ್ಪಿಕೊಂಡು, ಮುಚ್ಚಿದ ಕೋಣೆಯ ಕೊಲೆಗಳ ಬಗೆಗಳನ್ನು ಕುರಿತು ಪ್ರವಚನ ಕೊಡುತ್ತಾನೆ. ಕಳ್ಳದಾರಿಗಳನ್ನು ಮೊದಲೇ ತಳ್ಳಿಹಾಕಿ, ನಿಜಕ್ಕೂ ಭದ್ರವಾಗಿ ಮುಚ್ಚಿದ್ದ ಕೋಣೆಯಲ್ಲಿ ಕೊಲೆ ನಡೆಯಬಹುದಾದ ಏಳು ಬಗೆಗಳನ್ನು ಹೆಸರಿಸುತ್ತಾನೆ. ಆಕಸ್ಮಿಕವೇ ಕೊಲೆಯಂತೆ ಕಂಡದ್ದು, ಸಾಯುವವನೇ ಸಾವನ್ನು ತಂದುಕೊಳ್ಳುವಂತೆ ಮಾಡಿದ್ದು, ಮೊದಲೇ ಕೋಣೆಯಲ್ಲಿ ಅಡಗಿಸಿಟ್ಟ ಯಂತ್ರ, ಕೊಲೆಯ ವೇಷ ತೊಟ್ಟ ಆತ್ಮಹತ್ಯೆ, ಸತ್ತವನು ಇನ್ನೂ ಬದುಕಿದ್ದಾನೆ ಎಂದು ತೋರಿಸಿದ ಸೋಗು, ಹೊರಗಿನಿಂದ ಮಾಡಿ ಒಳಗೇ ಮಾಡಿದಂತೆ ಕಾಣಿಸಿದ್ದು, ಇನ್ನೂ ಬದುಕಿರುವವನನ್ನು ಸತ್ತನೆಂದು ಎಲ್ಲರೂ ನಂಬುವಂತೆ ಮಾಡಿದ್ದು. ಗಮನಿಸಿ, ಈ ಏಳರಲ್ಲಿ ಒಂದರಲ್ಲೂ ಕೊಲೆಗಾರ ಚಿಲಕಕ್ಕೆ ಕೈ ಹಚ್ಚುವುದಿಲ್ಲ! ಬಾಗಿಲು, ಕೀಲಿಗಳ ಕೈಚಳಕಕ್ಕೆ ಫೆಲ್ ಬೇರೆಯದೇ ಪಟ್ಟಿ ಕೊಡುತ್ತಾನೆ. ಏಳರಲ್ಲೂ ಸುಳ್ಳಾಗುವುದು ಹೊತ್ತು, ಆಳು, ಜಾಗ, ಕೃತ್ಯ ಇವುಗಳಲ್ಲಿ ಯಾವುದಾದರೊಂದು. ಏಳನೆಯದನ್ನೇ ತೆಗೆದುಕೊಳ್ಳಿ. ಬಾಗಿಲು ಒಡೆದಾಗ ಒಳಗಿನವನು ಮಂಪರಿನಲ್ಲಿ ಮಲಗಿದ್ದಾನೆ, ಅಷ್ಟೆ. ಎಲ್ಲರಿಗಿಂತ ಮುಂದೆ ಓಡಿದವನು ‘ಅಯ್ಯೋ, ಕೊಲೆ!’ ಎಂದು ಕೂಗಿ, ಉಳಿದವರು ಹತ್ತಿರ ಬರುವಷ್ಟರಲ್ಲಿ ಆ ಕೂಗನ್ನು ನಿಜ ಮಾಡುತ್ತಾನೆ. ಇದು ಯಾವ ಪುಸ್ತಕದ್ದೆಂದು ಇಲ್ಲಿ ಹೇಳುವುದು ದ್ರೋಹವಾದೀತು. ಆ ಕೋಣೆಗೆ ಚಿಲಕ ನಿಜವಾಗಿಯೂ ಇತ್ತು, ಒಡೆಯುವ ತನಕ ಒಳಗೆ ಯಾರೂ ಹೋಗಿರಲಿಲ್ಲ ಎಂಬುದೂ ನಿಜ. ಕೊಲೆ ಅದಕ್ಕೆ ಮೊದಲೇ ಆಗಿತ್ತು ಎಂಬ ಒಂದು ಮಾತನ್ನು ಮಾತ್ರ ಓದುಗ ತಾನಾಗಿ ಸೇರಿಸಿಕೊಂಡಿದ್ದ.

ಇಷ್ಟು ಕಷ್ಟಪಟ್ಟು ಯಾವ ಕೊಲೆಗಾರ ಕೊಲೆ ಮಾಡುತ್ತಾನೆ ಎಂಬುದು ಹಳೆಯ ಆಕ್ಷೇಪ. ರೇಮಂಡ್ ಚಾಂಡ್ಲರ್ 1944ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಖಾರವಾಗಿಯೇ ಹೇಳಿದ. ಅತಿ ಜಾಣತನದಿಂದ ಹೆಣೆದ ಕೊಲೆಯೇ ಪೊಲೀಸರಿಗೆ ಸುಲಭವಾಗಿ ಸಿಗುವಂಥದ್ದು, ಅವರನ್ನು ನಿಜವಾಗಿ ಕಾಡುವುದು ಎರಡು ನಿಮಿಷ ಮೊದಲು ಹೊಳೆದು ಮಾಡಿದ ಕೊಲೆ ಎಂಬುದು ಅವನ ವಾದ. ಪೊಲೀಸ್ ಠಾಣೆಯ ಮಟ್ಟಿಗೆ ಚಾಂಡ್ಲರ್ ಹೇಳಿದ್ದು ಸರಿ. ಆದರೆ ಈ ಆಕ್ಷೇಪ ಬರುವ ಮೊದಲೇ ಫೆಲ್ ಅದಕ್ಕೆ ಉತ್ತರ ಕೊಟ್ಟಾಗಿತ್ತು. ನಮ್ಮ ಸಂತೋಷಕ್ಕಾಗಿ ಪ್ರಕೃತಿಯ ನಿಯಮವನ್ನೇ ಮೀರಿದಂತೆ ಕಾಣಿಸಿದವನು ಸಂಭವನೀಯತೆಯ ನಿಯಮವನ್ನೂ ಕೊಂಚ ಮೀರಿದರೆ ಮುನಿಸೇಕೆ ಎಂಬ ಧಾಟಿಯ ಉತ್ತರ. ಇದು ಜಾರಿಕೊಳ್ಳುವ ಮಾತಿನಂತೆ ಕೇಳಿಸಬಹುದು, ಆದ್ದರಿಂದ ಒಂದು ಉದಾಹರಣೆಯಲ್ಲಿ ಒರೆಹಚ್ಚಿ ನೋಡೋಣ. ಕಾನನ್ ಡಾಯ್ಲ್‌ನ ‘ದಿ ಸ್ಪೆಕಲ್ಡ್ ಬ್ಯಾಂಡ್’ (1892) ಕಥೆಯಲ್ಲಿ ಕಲ್ಕತ್ತೆಯಲ್ಲಿ ವೈದ್ಯನಾಗಿದ್ದು ಬಂದವನೊಬ್ಬನ ಹಾವು ತಟ್ಟೆಯ ಹಾಲಿಗೆ ಪಳಗಿ, ಸಿಳ್ಳೆಗೆ ಓಗೊಟ್ಟು ಹಗ್ಗ ಹಿಡಿದು ವಾಪಸು ಹತ್ತುತ್ತದೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮ್ಮವರೂ ಆ ಹಾವನ್ನು ನಂಬುವುದು ಕಷ್ಟ. ಆದರೂ ಡಾಯ್ಲ್ 1927ರಲ್ಲಿ ತನ್ನ ಹೋಮ್ಸ್ ಕಥೆಗಳಲ್ಲಿ ಇಷ್ಟವಾದವನ್ನು ಆರಿಸಿದಾಗ ಇದಕ್ಕೇ ಮೊದಲ ಸ್ಥಾನ ಕೊಟ್ಟ, ಓದುಗರೂ ಇದನ್ನು ಬಿಟ್ಟುಕೊಟ್ಟಿಲ್ಲ. ಯಾಕೆಂದರೆ ಗಂಟೆಗೇ ಕಟ್ಟಿರದ ಗಂಟೆಹಗ್ಗ, ಹೊರಗಿನ ಗಾಳಿಯ ಬದಲು ಪಕ್ಕದ ಕೋಣೆಗೆ ತೆರೆಯುವ ಗವಾಕ್ಷಿ, ನೆಲಕ್ಕೆ ಜಡಿದ ಮಂಚ, ಈ ಮೂರೂ ಮೊದಲೇ ನಮ್ಮ ಕಣ್ಣೆದುರಿಗಿದ್ದವು. ಲೇಖಕ ಪ್ರಾಣಿಶಾಸ್ತ್ರಕ್ಕೆ ಮೋಸ ಮಾಡಿರಬಹುದು, ಓದುಗನಿಗೆ ಮಾಡಿಲ್ಲ. ಈ ಪ್ರಕಾರದಲ್ಲಿ ಪ್ರಾಮಾಣಿಕತೆ ಎಂದರೆ ಇದೇ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದಾಗ ಒಂದಕ್ಕಿಂತ ಹೆಚ್ಚು ಗುಪ್ತದ್ವಾರ ಕೂಡದೆಂದು ಅರ್ಧ ತಮಾಷೆಯಲ್ಲಿ ಸೇರಿಸಿದ. ನನ್ನನ್ನು ಕೇಳಿದರೆ ಆ ಒಂದೂ ಹೆಚ್ಚೇ.

ಪಾತ್ರಗಳು ಸಪ್ಪೆ ಎಂಬ ದೂರು ಚಾಂಡ್ಲರ್‌ನ ಆಕ್ಷೇಪಕ್ಕಿಂತ ತೂಕದ್ದು. ಎಷ್ಟೋ ಪುಸ್ತಕಗಳ ವಿಷಯದಲ್ಲಿ ಅದು ನಿಜವೂ ಹೌದು, ಕಾರ್‌ನ ಪ್ರೇಮಪ್ರಸಂಗಗಳನ್ನು ನಾನು ಸಮರ್ಥಿಸಲಾರೆ. ಗುಟ್ಟು ತಿಳಿದ ಮೇಲೆ ಪುಸ್ತಕ ಸತ್ತಂತೆ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಒಳ್ಳೆಯ ಮುಚ್ಚಿದ ಕೋಣೆಯ ಕಾದಂಬರಿಯನ್ನು ಎರಡನೆಯ ಸಲ ಓದಿ. ಮೊದಲ ಓದಿನಲ್ಲಿ ‘ಅವನು ಒಳಗಿದ್ದ’ ಎಂದು ನೆನಪಿನಲ್ಲಿ ಉಳಿದದ್ದು ಪುಟದಲ್ಲಿ ‘ಒಳಗಿನಿಂದ ಅವನ ದನಿ ಕೇಳಿಸಿತು’ ಎಂದಷ್ಟೇ ಇರುತ್ತದೆ. ಲೇಖಕ ಸುಳ್ಳು ಹೇಳದೆ ಸುಳ್ಳನ್ನು ನಂಬಿಸಿದ ವಾಕ್ಯಗಳು ಆಗ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಓದಿನ ಚಟ ಹಚ್ಚಿಕೊಂಡ ಕನ್ನಡಿಗರಿಗೆ ಪತ್ತೇದಾರಿ ಎಂದರೆ ಓಟ. ಮುಂದೇನು ಎಂಬ ಕುತೂಹಲದಲ್ಲಿ ಪುಟಗಳು ತಾವಾಗಿ ಸರಿಯುತ್ತವೆ. ಅದೂ ಸುಖವೇ. ಈ ಪ್ರಕಾರಕ್ಕೆ ಮಾತ್ರ ಆ ಅಭ್ಯಾಸವನ್ನು ಸ್ವಲ್ಪ ಸಡಿಲಿಸಿ, ಸಾಕ್ಷಿ ಹೇಳುವ ಅಧ್ಯಾಯಗಳನ್ನು ವಕೀಲನಂತೆ ನಿಧಾನವಾಗಿ ಓದಬೇಕು. ಇವನು ಕಂಡದ್ದೆಷ್ಟು, ಕೇಳಿದ್ದೆಷ್ಟು, ಊಹಿಸಿದ್ದೆಷ್ಟು ಎಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಂಡರೂ ತಪ್ಪಿಲ್ಲ.

ಕೋಣೆಗೆ ಗೋಡೆಯೇ ಬೇಕಿಲ್ಲ ಎಂಬುದು ಜಪಾನೀಯರನ್ನು ಓದುವಾಗ ಇನ್ನೂ ಸ್ಪಷ್ಟವಾಗುತ್ತದೆ. ಮರ ಮತ್ತು ಕಾಗದದ ಜಾರುಬಾಗಿಲುಗಳ ಸಾಂಪ್ರದಾಯಿಕ ಮನೆ ಇಂಥ ಕಥೆಗೆ ಒಗ್ಗುವುದು ಸುಲಭವಲ್ಲ. 1946ರಲ್ಲಿ ಸೇಶಿ ಯೋಕೋಮಿಜೊ ಧಾರಾವಾಹಿಯಾಗಿ ಬರೆದ ‘ಹೋಂಜಿನ್ ಕೊಲೆ’ ಆ ತೊಡಕನ್ನೇ ಬಂಡವಾಳ ಮಾಡಿಕೊಂಡಿತು. ಹಳ್ಳಿಯ ದೊಡ್ಡ ಮನೆತನ, ಮದುವೆಯ ರಾತ್ರಿ, ನವದಂಪತಿಯ ಸಾವು, ನಡುರಾತ್ರಿಯಲ್ಲಿ ಕೋತೋ ವಾದ್ಯದ ಸದ್ದು, ಹೊರಗೆ ಹೆಜ್ಜೆಯ ಗುರುತೇ ಇಲ್ಲದ ಹಿಮದಲ್ಲಿ ನೆಟ್ಟ ಕತ್ತಿ. ಕಾರ್‌ನ ‘ಹಾಲೋ ಮ್ಯಾನ್’ನಲ್ಲೂ ಎರಡನೆಯ ಕೊಲೆ ನಡೆಯುವುದು ಹಿಮ ಬಿದ್ದ ಬಯಲು ಬೀದಿಯಲ್ಲೇ. ಯೋಕೋಮಿಜೊನಲ್ಲಿ ಇನ್ನೊಂದು ಹೆಚ್ಚುಗಾರಿಕೆಯಿದೆ. ಇಂಥ ವಿಲಕ್ಷಣ ಕೊಲೆ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಅವನ ಉತ್ತರ ಆ ಮನೆತನದ ಪ್ರತಿಷ್ಠೆಯ ಹುಚ್ಚಿನಲ್ಲೇ ಇದೆ. ಚಾಂಡ್ಲರ್ ಇದನ್ನು ಓದಿದ್ದರೆ ತನ್ನ ಕೆಲವು ವಾಕ್ಯಗಳನ್ನಾದರೂ ಮೃದು ಮಾಡಿಕೊಳ್ಳಬೇಕಾಗುತ್ತಿತ್ತು. ಮುಂದೆ 1981ರಲ್ಲಿ ಸೋಜಿ ಶಿಮಾಡನ ‘ಟೋಕಿಯೋ ಜೋಡಿಯಾಕ್ ಮರ್ಡರ್ಸ್’, 1987ರಲ್ಲಿ ಯುಕಿತೊ ಅಯಾತ್ಸುಜಿಯ ‘ಡೆಕಗನ್ ಹೌಸ್ ಮರ್ಡರ್ಸ್’ ಬಂದು, ಪಶ್ಚಿಮದಲ್ಲಿ ಮಂಕಾಗಿದ್ದ ಒಗಟಿನ ಕಾದಂಬರಿಗೆ ಜಪಾನಿನಲ್ಲಿ ಹೊಸ ತಲೆಮಾರನ್ನೇ ಕಟ್ಟಿದವು.

ಯಾವುದರಿಂದ ಶುರುಮಾಡಬೇಕು ಎಂದರೆ, ‘ಹಾಲೋ ಮ್ಯಾನ್’ನಿಂದಂತೂ ಬೇಡ. ಎಲ್ಲರೂ ಅದನ್ನೇ ಶ್ರೇಷ್ಠವೆಂದು ಶಿಫಾರಸು ಮಾಡುತ್ತಾರೆ, ಆದರೆ ಅದರ ಹೆಣಿಗೆ ಹೊಸಬರಿಗೆ ತಲೆ ಸುತ್ತು ಬರಿಸುವಂಥದ್ದು. ಸಾಲದ್ದಕ್ಕೆ ಫೆಲ್ ತನ್ನ ಪ್ರವಚನದ ಭರದಲ್ಲಿ ಹಿಂದಿನವರ ಹಲವು ಗುಟ್ಟುಗಳನ್ನು ಬಯಲಿಗೆಳೆಯುತ್ತಾನೆ. ಪೋ, ಡಾಯ್ಲ್‌ರ ಸಣ್ಣ ಕಥೆಗಳನ್ನು ಒಂದೊಂದು ಸಂಜೆಯಲ್ಲಿ ಮುಗಿಸಿ, ಜ್ಯಾಂಗ್ವಿಲ್‌ನ ಪುಟ್ಟ ಕಾದಂಬರಿಗೂ ಗ್ಯಾಸ್ಟನ್ ಲೆರೂ 1907ರಲ್ಲಿ ಬರೆದ ‘ಹಳದಿ ಕೋಣೆಯ ರಹಸ್ಯ’ಕ್ಕೂ ಹೋಗಿ. ಫೆಲ್‌ನ ಪಾಠಕ್ಕೆ ಕೂರುವುದು ಆಮೇಲೆ. ಯೋಕೋಮಿಜೊವನ್ನು ಅದಕ್ಕೂ ನಂತರ ಇಟ್ಟುಕೊಳ್ಳಿ. ಅವನ ನಿರೂಪಕ ಲೆರೂ, ಕಾರ್‌ರ ಹೆಸರು ಹೇಳಿಯೇ ಕಥೆ ಶುರುಮಾಡುತ್ತಾನೆ.