ದೂತ, ದೆವ್ವ, ದೈವ

1938ರ ಡಿಸೆಂಬರಿನಲ್ಲಿ ತಾಂಬರಂನಲ್ಲಿ ಸೇರಿದ ಅಂತಾರಾಷ್ಟ್ರೀಯ ಮಿಷನರಿ ಸಮ್ಮೇಳನವು ಕ್ರೈಸ್ತ ಸಂದೇಶಕ್ಕೂ ಅನ್ಯಧರ್ಮಗಳಿಗೂ ಇರುವ ಸಂಬಂಧವನ್ನು ಚರ್ಚಿಸಿತು. ಕನ್ನಡದಲ್ಲಿ ಈ ಪ್ರಶ್ನೆ ಅದಕ್ಕೂ ಮೊದಲೇ ಬೈಬಲ್ ಅನುವಾದದ ಪದಗಳಲ್ಲಿ ಅಡಗಿತ್ತು.

ಹೀಬ್ರೂವಿನ ‘ಮಲಾಖ್’, ಗ್ರೀಕಿನ ‘ಆಂಗೆಲೊಸ್’ ಎರಡಕ್ಕೂ ಸಂದೇಶವಾಹಕನೆಂದೇ ಅರ್ಥ. ಕನ್ನಡದ ‘ದೂತ’ ಮೂಲಕ್ಕೆ ನಿಷ್ಠವಾಗಿದೆ. ಲೋಟನ ಮನೆಗೆ ಬಂದ ದೂತರು ದಾರಿಹೋಕರಂತಿದ್ದರು. ಕೆರೂಬಿ, ಸೆರಾಫಿಯರ ರೆಕ್ಕೆಗಳನ್ನು ಅವರಿಗೂ ಅಂಟಿಸಿದವರು ಚಿತ್ರಕಾರರು.

‘ದೆವ್ವ’ದ ವಿಚಾರ ಹೆಚ್ಚು ಜಟಿಲ. ಸುವಾರ್ತೆಗಳ ‘ದೈಮೋನಿಯನ್’ಗೆ ಜನಪ್ರಿಯ ಚಿತ್ರಗಳ ಕೊಂಬುಬಾಲಗಳಿಲ್ಲ, ಅದು ಮನುಷ್ಯನನ್ನು ಹಿಡಿದು ಪೀಡಿಸುವ ಅಶುದ್ಧಾತ್ಮ. ಗ್ರೀಕರಲ್ಲಿ ಹಿಂದೆ ದೇವತಾಶಕ್ತಿಗೂ ಸಲ್ಲುತ್ತಿದ್ದ ಪದವದು. ನಮ್ಮ ‘ದೆವ್ವ’ವೂ ‘ದೈವ’ದ ತದ್ಭವ. ಅನುವಾದಕರು ಅರಿತು ಆರಿಸಿದರೋ ಇಲ್ಲವೋ, ಆಯ್ಕೆ ಬೆರಗಾಗುವಷ್ಟು ಸಮಂಜಸ.

ಆದರೆ ತುಳುನಾಡಿನಲ್ಲಿ ‘ದೈವ’ ಹೀಗೆ ಜಾರಲಿಲ್ಲ. ಬರ್ನೆಲ್ಲರ ಪಾಡ್ದನ ಸಂಗ್ರಹವು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ, ಅದರ ಶೀರ್ಷಿಕೆಯೇ ಭೂತಾರಾಧನೆಯನ್ನು ‘ತುಳುವರ ದೆವ್ವಪೂಜೆ’ ಎಂದಿತು. ಅನ್ಯರ ಬಲಿ ದೆವ್ವಗಳಿಗೆ ಸಲ್ಲುತ್ತದೆಂದು ಪೌಲನೂ ಕೊರಿಂಥದವರಿಗೆ ಬರೆದಿದ್ದನೆಂಬುದು ನಿಜ. ಶೀರ್ಷಿಕೆಗೆ ಶಾಸ್ತ್ರಾಧಾರವೇ ಇಲ್ಲವೆನ್ನಲಾಗದು. ಆದರೂ ಸುವಾರ್ತೆಯ ದೆವ್ವವು ಊರಿನಿಂದ ಹೊರಗಟ್ಟಿಸಿಕೊಂಡು ಸಮಾಧಿಗಳ ನಡುವೆ ಅಲೆಯುತ್ತದೆ. ತುಳುವರ ದೈವವಾದರೋ ಊರಿನ ನಡುವೆ ನಿಂತು, ವ್ಯಾಜ್ಯ ಆಲಿಸಿ, ನುಡಿ ಕೊಡುತ್ತದೆ.