ಪಾತ್ರಧಾರಣದ ಆಟದಲ್ಲಿ ಹೊಸಬರ ಪ್ರವೇಶ: ಒಂದು ವಿಮರ್ಶೆ

ಗತಕಾಲವನ್ನು ಅರಿಯುವುದಕ್ಕೆ ಮನುಷ್ಯನು ಹಿಡಿದಿರುವ ದಾರಿಗಳು ಹಲವು. ಶಾಸನ, ಕಡತ, ನಾಣ್ಯ, ಪಾಳುಗೋಡೆ ಇವು ವಿದ್ವಾಂಸರ ದಾರಿ. ವೇಷ ತೊಟ್ಟು, ಆಯುಧ ಹಿಡಿದು, ಹಿಂದಿನವರಂತೆ ಕೆಲವು ಹೊತ್ತು ನಡೆದುನೋಡುವುದು ಸಾಮಾನ್ಯ ಜನರ ದಾರಿ. ಮೊದಲನೆಯದಕ್ಕೆ ವಿಶ್ವವಿದ್ಯಾಲಯಗಳಲ್ಲಿ ಪೀಠಗಳುಂಟು. ಎರಡನೆಯದನ್ನು ಮಕ್ಕಳಾಟವೆಂದು ಕಡೆಗಣಿಸುವುದೇ ವಾಡಿಕೆಯಾಗಿದೆ. ಆದರೆ ಇಂದು ಯೂರೋಪು ಅಮೆರಿಕಗಳಲ್ಲಿ ಸಹಸ್ರಾರು ಜನರು ವರ್ಷದಲ್ಲಿ ಕೆಲವು ದಿನಗಳನ್ನು ಕಾಡುಬಯಲುಗಳಲ್ಲಿ, ಮಧ್ಯಯುಗದ ಛಾಯೆಯುಳ್ಳ ಒಂದು ಕಲ್ಪಿತ ಲೋಕದ ನಿವಾಸಿಗಳಾಗಿ ಕಳೆಯುತ್ತಾರೆ. ಅವರ ಮನಸ್ಸಿನಲ್ಲಿ ಮಧ್ಯಯುಗದ ಚಿತ್ರವನ್ನು ಮೂಡಿಸುವುದರಲ್ಲಿ ಈ ಆಟದ ಪಾಲು ಅಲ್ಪವಲ್ಲ. ಆದುದರಿಂದ ಇದನ್ನು ಇತಿಹಾಸದ ಅಭ್ಯಾಸಿಗಳು ಪರಿಶೀಲಿಸುವುದು ಅಸಂಗತವಾಗಲಾರದು. ಆಟದ ಎಲ್ಲ ಅಂಗಗಳನ್ನೂ ಇಲ್ಲಿ ವಿವೇಚಿಸುವುದು ನಮ್ಮ ಉದ್ದೇಶವಲ್ಲ. ಹೊಸಬರನ್ನು ಅದು ಒಳಗೆ ಬರಮಾಡಿಕೊಳ್ಳುವ ರೀತಿ ಎಂಥದು, ಅದರ ಗುಣದೋಷಗಳೇನು ಎಂಬಷ್ಟನ್ನೇ ನೋಡೋಣ.

ಲೈವ್ ಆಕ್ಷನ್ ರೋಲ್ ಪ್ಲೇಯಿಂಗ್ ಎಂಬ ದೀರ್ಘನಾಮವುಳ್ಳ ಈ ಆಟವನ್ನು ಅದರ ಬಳಕೆಯುಳ್ಳವರು ಲಾರ್ಪ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ನಾವು ಪಾತ್ರಧಾರಣದ ಆಟವೆನ್ನೋಣ. ಇದರ ಲಕ್ಷಣ ಸರಳವಾದುದು. ಆಡುವವನು ಒಂದು ಕಲ್ಪಿತ ವ್ಯಕ್ತಿಯನ್ನು ಆರಿಸಿಕೊಂಡು, ಆ ವ್ಯಕ್ತಿಯ ಉಡುಗೆ ತೊಟ್ಟು, ಆಟ ಮುಗಿಯುವ ತನಕ ಆ ವ್ಯಕ್ತಿಯಾಗಿಯೇ ನಡೆಯುತ್ತಾನೆ, ಉಣ್ಣುತ್ತಾನೆ, ಮಾತನಾಡುತ್ತಾನೆ, ಕಾದುತ್ತಾನೆ. ಬಾಯಿಪಾಠ ಮಾಡಬೇಕಾದ ಮಾತುಗಳಿಲ್ಲ, ರಂಗಸ್ಥಳವಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಪ್ರೇಕ್ಷಕರಿಲ್ಲ. ಆಡುವವರೇ ನೋಡುವವರು. ತಾಳಮದ್ದಳೆಯಲ್ಲಿ ಅರ್ಥಧಾರಿಯು ಆಶುವಾಗಿ ಮಾತು ಕಟ್ಟುವುದನ್ನು ಕೇಳಿಬಲ್ಲ ನಮ್ಮ ವಾಚಕರಿಗೆ ಇದರ ಅರ್ಧಭಾಗ ಪರಿಚಿತವೇ ಆಗಿದೆ. ಆದರೆ ಅಲ್ಲಿ ಕಥೆಯ ಕೊನೆ ಮೊದಲೇ ಗೊತ್ತಿರುತ್ತದೆ, ಎದುರಿಗೆ ಸಭೆಯಿರುತ್ತದೆ. ಇಲ್ಲಿ ಇವೆರಡೂ ಇಲ್ಲ.

ಪ್ರೇಕ್ಷಕರಿಲ್ಲವೆಂಬ ಈ ಒಂದು ಸಂಗತಿಯ ಬೆಲೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1839ನೆಯ ಇಸವಿ ಆಗಸ್ಟ್ 28ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದಲ್ಲಿ ಎಗ್ಲಿಂಟನ್ನಿನ ಪ್ರಭುವು ಮಧ್ಯಯುಗದ ಮಾದರಿಯ ಕಾಳಗದ ಪಂದ್ಯವೊಂದನ್ನು ಏರ್ಪಡಿಸಿದನು. ವಾಲ್ಟರ್ ಸ್ಕಾಟನ ಐವನ್‌ಹೋ ಕಾದಂಬರಿಯು ಅಂಥ ಪಂದ್ಯಗಳ ಮೋಹವನ್ನು ಓದುಗರಲ್ಲಿ ಆಗಲೇ ಬಿತ್ತಿದ್ದಿತು. ಹಿಂದಿನ ವರ್ಷ ಕೂಡಿದ ಮೊದಲ ಸಭೆಗೆ ವೀರರಾಗಬೇಕೆಂದು ಬಂದವರು ಸುಮಾರು 150 ಮಂದಿ. ಕವಚ, ಕುದುರೆ, ಪರಿವಾರಗಳಿಗೆ ಬೀಳುವ ವೆಚ್ಚ ತಿಳಿದೊಡನೆ ಬಹುಮಂದಿ ಹಿಂದೆ ಸರಿದರು. ಕೊನೆಗೆ ಕಣಕ್ಕಿಳಿದವರು 15ಕ್ಕಿಂತ ಕಡಮೆ. ನೋಡಲು ನೆರೆದವರಾದರೋ ಸುಮಾರು 1,00,000 ಎಂದು ಅಂದಾಜು. ಅಂದು ಧಾರಾಕಾರವಾಗಿ ಮಳೆ ಸುರಿದು ಬಯಲೆಲ್ಲ ಕೆಸರಾಯಿತು. ಪಂದ್ಯದ ರಾಜನೆನಿಸಿದ್ದ ಪ್ರಭುವೇ ಕೊಡೆ ಬಿಡಿಸಬೇಕಾಯಿತು. ಮಳೆ ನಿಂತ ಮೇಲೆ 30ರಂದು ಕಾಳಗ ನಡೆಯಿತಾದರೂ ಜನರ ನೆನಪಿನಲ್ಲಿ ಉಳಿದದ್ದು ಆ ಕೊಡೆಯೇ.

ಈ ವೈಫಲ್ಯದ ಹೊರೆಯನ್ನು ಮಳೆಯ ತಲೆಗೆ ಕಟ್ಟುವುದು ರೂಢಿ. ನಮಗೆ ತೋರುವಂತೆ ದೋಷವಿದ್ದುದು ಏರ್ಪಾಟಿನಲ್ಲಿಯೇ. ಲಕ್ಷ ಜನ ನಿಂತು ನೋಡಬೇಕು, ಹತ್ತಾರು ಜನ ಆಡಬೇಕು. ಆಡುವ ಹಕ್ಕಿಗೆ ಒಂದು ಎಸ್ಟೇಟಿನ ಆದಾಯವೇ ಬೇಕು. ಹೊಸಬನಿಗೆ ಬಾಗಿಲೇ ಇಲ್ಲದ ಆಟ ಅದು. ಬಾಗಿಲಿಲ್ಲದ ಆಟಕ್ಕೆ ಮುಂದಿನ ವರ್ಷವಿರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಬಾಗಿಲು ತೆರೆದುದು ಕ್ರಮಕ್ರಮವಾಗಿ. 1966ರ ಮೇ 1ರಂದು ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಕೆಲವು ಮಿತ್ರರು ಒಂದು ಮನೆಯ ಹಿತ್ತಲಿನಲ್ಲಿ ಕತ್ತಿವರಸೆಯ ಪಂದ್ಯವಾಡಿದರು. ಅದರಿಂದ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್ ಎಂಬ ಸಂಘವು, ಬಂದವರೆಲ್ಲರೂ 17ನೆಯ ಶತಮಾನಕ್ಕೆ ಹಿಂದಿನ ಉಡುಗೆ ತೊಡಲು ಪ್ರಯತ್ನ ಮಾಡಿರಬೇಕೆಂದು ಕಟ್ಟಳೆ ಮಾಡಿತು. ಪ್ರಯತ್ನ ಸಾಕು ಎಂಬುದನ್ನು ವಾಚಕರು ಗಮನಿಸಬೇಕು. ಅಷ್ಟೂ ಆಗದವರಿಗೆ ಗೋಲ್ಡ್ ಕೀ ಎಂಬ ಹೆಸರಿನಲ್ಲಿ ಉಡುಗೆಯನ್ನು ಎರವಲು ಕೊಡುವ ಏರ್ಪಾಡೂ ಅಲ್ಲಿ ಬೆಳೆದುಬಂದಿತು. ಇದು ಚರಿತ್ರೆಯ ಅನುಕರಣವೇ ಹೊರತು ನಾವು ಹೇಳುತ್ತಿರುವ ಆಟವಲ್ಲ. ಅದ್ಭುತಲೋಕದ ಅಂಶ ಬಂದುದು ಬೇರೆ ಕಡೆಯಿಂದ. 1954 ಮತ್ತು 1955ರಲ್ಲಿ ಪ್ರಕಟವಾದ ಟೋಲ್ಕಿನ್ನನ ದಿ ಲಾರ್ಡ್ ಆಫ್ ದಿ ರಿಂಗ್ಸ್, 1974ರಲ್ಲಿ ಹೊರಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಆಟ, ಇವೆರಡರಿಂದ ಯಕ್ಷಿಣಿಗಾರರೂ ರಾಕ್ಷಸರೂ ಒದಗಿದರು. 1977ರಲ್ಲಿ ವಾಷಿಂಗ್ಟನ್ ನಗರದ ಆಸುಪಾಸಿನಲ್ಲಿ ಡ್ಯಾಗೊರ್‌ಹಿರ್ ಎಂಬ ಮೆತ್ತೆಗತ್ತಿಗಳ ಕಾಳಗವೂ, 1982ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಪೆಕ್‌ಫರ್ಟನ್ ಕೋಟೆಯಲ್ಲಿ ಟ್ರೆಷರ್ ಟ್ರ್ಯಾಪ್ ಎಂಬ ಆಟವೂ ಆರಂಭವಾದುವು.

ಪೆಕ್‌ಫರ್ಟನ್ನಿನ ಗೋಪುರಗಳನ್ನು ಕಂಡವನು ಅದನ್ನು 13ನೆಯ ಶತಮಾನದ ಕೋಟೆಯೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅದು 1840ರ ದಶಕದಲ್ಲಿ ಆಂಥೊನಿ ಸಾಲ್ವಿನ್ ಎಂಬ ವಾಸ್ತುಶಿಲ್ಪಿಯು ಒಬ್ಬ ಜಮೀನುದಾರನಿಗಾಗಿ ಕಟ್ಟಲಾರಂಭಿಸಿದ ಮನೆ. ಎಗ್ಲಿಂಟನ್ನಿನ ಪಂದ್ಯ ನಡೆದ ಕಾಲದ್ದೇ ಕಟ್ಟಡ. 2014ರಲ್ಲಿ ಕಾಲೇಜ್ ಆಫ್ ವಿಝರ್ಡ್ರಿ ಎಂಬ ಆಟ ನಡೆದ ಪೋಲೆಂಡಿನ ಚೋಹಾ ಕೋಟೆಯೂ ಮೂಲದಲ್ಲಿ ಹಳೆಯದಾದರೂ ಇಂದಿನ ರೂಪವನ್ನು ಪಡೆದುದು 20ನೆಯ ಶತಮಾನದ ಆದಿಭಾಗದಲ್ಲಿ. ಹೀಗೆ ಹೊಸಬನು ಕಾಲಿಡುವುದು ಮಧ್ಯಯುಗದೊಳಕ್ಕೆ ಅಲ್ಲ, ಮಧ್ಯಯುಗವನ್ನು ಕುರಿತು ಮುಂದಿನವರು ಕಂಡ ಕನಸಿನೊಳಕ್ಕೆ. ಇದನ್ನು ಅವನಿಗೆ ಮೊದಲೇ ಹೇಳಿಬಿಡುವುದರಿಂದ ಎರಡು ಲಾಭಗಳುಂಟು. ತನಗೆ ಚರಿತ್ರೆ ಸಾಲದೆಂಬ ಅಳುಕು ಹೋಗುತ್ತದೆ; ಕಂಡುದೆಲ್ಲ ಚರಿತ್ರೆಯೆಂಬ ಭ್ರಾಂತಿಯೂ ಹುಟ್ಟುವುದಿಲ್ಲ.

ಇನ್ನು ಹೊಸಬರಿಗೆ ಕೊಡುವ ಉಪದೇಶವನ್ನು ಪರಿಶೀಲಿಸೋಣ. ಕೈಪಿಡಿಗಳು ಸಾಮಾನ್ಯವಾಗಿ ಮೂರು ಮಾತು ಹೇಳುತ್ತವೆ: ಉಡುಗೆಯನ್ನು ಹೊಂದಿಸಿಕೊ, ನಿನ್ನ ಪಾತ್ರದ ಪೂರ್ವಕಥೆಯನ್ನು ಬರೆ, ನಿಯಮಗಳನ್ನು ಓದು. ಮೂರೂ ಅವಶ್ಯಕವಾದುವೇ, ಆದರೆ ಇವುಗಳ ತೂಕ ತಪ್ಪಿದೆಯೆಂದು ನಮ್ಮ ಅಭಿಪ್ರಾಯ. ಉಡುಗೆಯ ವಿಚಾರದಲ್ಲಿ ನೇರವಾಗಿ ಕತ್ತರಿಸಿದ ಬಟ್ಟೆಯ ಒಂದು ನಿಲುವಂಗಿ, ಸೊಂಟಕ್ಕೊಂದು ಪಟ್ಟಿ, ಕೆಸರಿಗೆ ತಡೆಯುವ ಪಾದರಕ್ಷೆ ಇವಿಷ್ಟು ಮೊದಲ ಸಲಕ್ಕೆ ಸಾಕು. ಕತ್ತಿಯನ್ನು ಕೊಳ್ಳುವ ಆತುರ ಬೇಡ. ಗಾಜಿನೆಳೆಯ ಕೋಲಿಗೆ ಫೋಮ್ ಸುತ್ತಿ, ಮೇಲೆ ಲೇಟೆಕ್ಸ್ ಬಳಿದು ಮಾಡುವ ಈ ಕತ್ತಿಗಳು ಅಗ್ಗವಲ್ಲ, ಎರವಲು ದೊರೆಯುವುದೂ ಕಷ್ಟವಲ್ಲ. ಪೂರ್ವಕಥೆಯ ವಿಚಾರವಾದರೋ ಇನ್ನೂ ಸೂಕ್ಷ್ಮವಾದುದು. ಆಟದ ಲೋಕವನ್ನು ಒಮ್ಮೆಯೂ ಕಾಣದವನು ಮನೆಯಲ್ಲಿ ಕುಳಿತು ಬರೆದ ಹತ್ತು ಪುಟಗಳಲ್ಲಿ ಅವನು ರಾಜವಂಶದ ಅನಾಥನಾಗಿಯೋ ಸೇಡು ತೀರಿಸಲು ಹೊರಟ ವೀರನಾಗಿಯೋ ಇರುವುದು ಸಹಜ. ಬಯಲಿಗೆ ಬಂದಾಗ ಆ ಪುಟಗಳನ್ನು ಓದಿದವರು ಯಾರೂ ಇರುವುದಿಲ್ಲ. ಆಗ ಅವನು ತನ್ನ ಕಥೆಯನ್ನು ಹೊತ್ತುಕೊಂಡು ಒಂಟಿಯಾಗಿ ನಿಲ್ಲುತ್ತಾನೆ.

ನಿಯಮಗಳಲ್ಲಿ ಕೆಲವು ದೇಹರಕ್ಷಣೆಗೆ ಸಂಬಂಧಿಸಿದುವು. ತಲೆಗೆ ಹೊಡೆಯಬಾರದೆಂಬುದು ಬಹುಕಡೆಗಳಲ್ಲಿ ಇರುವ ನಿಯಮ. ಆಟಕ್ಕೆ ಮುಂಚೆ ಆಯುಧಗಳನ್ನು ಪರೀಕ್ಷಿಸುತ್ತಾರೆ. ಅಮೆರಿಕದ ಬಯಲುಗಳಲ್ಲಿ ಹೋಲ್ಡ್ ಎಂಬ ಕೂಗು ಕೇಳಿದೊಡನೆ ಎಲ್ಲರೂ ಇದ್ದಲ್ಲಿಯೇ ನಿಲ್ಲಬೇಕು. ಉತ್ತರ ಯೂರೋಪಿನ ಆಟಗಳಲ್ಲಿ ಕಟ್ ಎಂದರೆ ಆಟ ನಿಲ್ಲುತ್ತದೆ, ಬ್ರೇಕ್ ಎಂದರೆ ಅದರ ಬಿರುಸು ತಗ್ಗುತ್ತದೆ. ಇವನ್ನು ಕಂಠಸ್ಥ ಮಾಡಿಕೊಂಡೇ ಹೋಗಬೇಕು. ಆದರೆ ನಿಯಮಗಳ ತಿರುಳು ಬೇರೊಂದು ಕಡೆ ಇದೆ. ಪೆಟ್ಟು ತಗಲಿತೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ ಹೇಳಬೇಕಾದವನು ಪೆಟ್ಟು ತಿಂದವನೇ. ಎಲ್ಲ ಪೆಟ್ಟುಗಳನ್ನೂ ನೋಡಬಲ್ಲ ತೀರ್ಪುಗಾರನು ಯಾವ ಬಯಲಿನಲ್ಲಿಯೂ ಇರಲಾರನು. ಅಂದಮೇಲೆ ಈ ಆಟದಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಗೆಲ್ಲುವುದಲ್ಲ, ಸೋಲನ್ನು ಒಪ್ಪುವುದು. ಇದನ್ನು ಯಾವ ಪೂರ್ವಕಥೆಯೂ ಕಲಿಸದು.

ಕಲಿಸುವ ದಾರಿಯೊಂದು ಈ ಆಟದಲ್ಲಿಯೇ ಉಂಟು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ವ್ಯವಸ್ಥಾಪಕರ ಪರವಾಗಿ ರಾಕ್ಷಸ, ಕಳ್ಳ, ಕಾವಲುಗಾರ, ಹಳ್ಳಿಗ ಮೊದಲಾದ ಸಣ್ಣ ಪಾತ್ರಗಳನ್ನು ವಹಿಸುವವರು ಬೇಕಾಗುತ್ತಾರೆ. ಹೊಸಬರು ಹೀಗೆ ಮೊದಲು ಬರುವುದನ್ನು ಅನೇಕ ಕೂಟಗಳು ಸ್ವಾಗತಿಸುತ್ತವೆ. ವೇಷವನ್ನು ಅವರೇ ಕೊಡುತ್ತಾರೆ. ಮಾಡಬೇಕಾದುದನ್ನು ಎರಡು ಮಾತಿನಲ್ಲಿ ತಿಳಿಸುತ್ತಾರೆ. ಒಂದೇ ದಿನದಲ್ಲಿ ನಾಲ್ಕಾರು ಸಲ ಸೋತು, ಬಿದ್ದು, ಎದ್ದು ಬರುವ ಹೊಸಬನು ಆಟದ ಎಲ್ಲ ಮೂಲೆಗಳನ್ನೂ ನೋಡಿರುತ್ತಾನೆ. 2013ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಎಂಪೈರ್ ಎಂಬ ದೊಡ್ಡ ಆಟದಲ್ಲಿ ಇದು ಹೊಸಬರಿಗೆ ಮಾತ್ರ ಸೇರಿದುದಲ್ಲ: ಕಾಳಗಗಳು ಎರಡು, ಒಂದರಲ್ಲಿ ಸ್ವಂತ ಪಾತ್ರವಾಗಿ ಹೋರಾಡಿದವರು ಇನ್ನೊಂದರಲ್ಲಿ ಶತ್ರುಗಳ ವೇಷ ತೊಟ್ಟು ಮಿಕ್ಕವರಿಗೆ ಎದುರಾಗುತ್ತಾರೆ. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳಲ್ಲಿಯೂ ಎಳೆಯ ಕಲಾವಿದರು ಮೊದಲು ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಕುಣಿದು, ಅನಂತರವೇ ದೊಡ್ಡ ವೇಷಗಳಿಗೆ ಏರುವ ಸಂಪ್ರದಾಯವುಂಟು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಲೆಗಳು ಒಂದೇ ಮೆಟ್ಟಿಲನ್ನು ಕಂಡುಕೊಂಡಿರುವುದು ಆ ಮೆಟ್ಟಿಲಿನ ಗಟ್ಟಿತನಕ್ಕೆ ಸಾಕ್ಷಿಯಾಗಿದೆ.

ಸಣ್ಣ ಪಾತ್ರದ ಪ್ರಯೋಜನ ಇಷ್ಟೇ ಅಲ್ಲ. ಈ ಆಟಗಳ ಮೇಲೆ ಇತಿಹಾಸದ ಅಭ್ಯಾಸಿಯು ಹೊರಿಸಬೇಕಾದ ದೊಡ್ಡ ಆಕ್ಷೇಪವೊಂದಿದೆ. ಇವುಗಳಲ್ಲಿ ವೀರರು, ಮಾಂತ್ರಿಕರು, ಸಾಮಂತರು ತುಂಬಿರುತ್ತಾರೆ, ಉಳುವವನು ಕಾಣಿಸುವುದಿಲ್ಲ. ಮಧ್ಯಯುಗದ ಯೂರೋಪಿನ ಬಹುಸಂಖ್ಯಾತ ಜನರು ನೇಗಿಲ ಹಿಂದೆ ನಡೆದವರು. ಅವರ ಬೆವರಿನಿಂದಲೇ ಒಬ್ಬ ವೀರನ ಕುದುರೆಗೂ ಕವಚಕ್ಕೂ ಹಣ ಹುಟ್ಟುತ್ತಿದ್ದುದು. ಅವರನ್ನು ಬಿಟ್ಟು ಕವಚವನ್ನು ಮಾತ್ರ ಉಳಿಸಿಕೊಂಡ ಚಿತ್ರ ಎಗ್ಲಿಂಟನ್ನಿನ ಪ್ರಭುವಿಗೆ ಒಪ್ಪುವಂಥದು. ಇದರ ಜೊತೆಗೆ ಇನ್ನೊಂದು ದೋಷವುಂಟು. ಹುಟ್ಟಿನಿಂದಲೇ ದುಷ್ಟವಾದ ಕುಲಗಳು ಲೋಕದಲ್ಲಿವೆಯೆಂಬ ಕಲ್ಪನೆ ಮೇಜಿನ ಆಟಗಳಿಂದ ಇಲ್ಲಿಗೂ ಇಳಿದುಬಂದಿದೆ. ಕುಲದಿಂದ ಗುಣವನ್ನು ಅಳೆಯುವುದರ ಫಲವನ್ನು ಬಲ್ಲ ನಮ್ಮಂಥ ಸಮಾಜದವರಿಗೆ ಇದು ಬರಿಯ ಆಟದ ಮಾತಾಗಿ ತೋರದು.

ಆಟವೆಂದರೆ ಬಿಡುವಲ್ಲವೆ, ವರ್ಷವೆಲ್ಲ ದುಡಿದವನು ಎರಡು ದಿನ ಅರಸನಾಗಬಯಸಿದರೆ ತಪ್ಪೇನು ಎಂದು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ಎಲ್ಲರೂ ಅರಸರಾದ ಬಯಲಿನಲ್ಲಿ ಅರಸುತನಕ್ಕೇ ಅರ್ಥವುಳಿಯುವುದಿಲ್ಲ. ಬಾಗುವವನಿದ್ದರೆ ತಾನೇ ಬಾಗಿಸಿಕೊಳ್ಳುವವನು. ಹೊಸಬನು ಅಡುಗೆಯಾಳಾಗಿಯೋ ಓಲೆಕಾರನಾಗಿಯೋ ಬಂದಾಗ ಆಟಕ್ಕೆ ಕೊರತೆಯಾಗಿದ್ದ ಜನವೇ ಒದಗುತ್ತಾರೆ. ಓಲೆಕಾರನಿಗೆ ಪ್ರತಿಯೊಂದು ಡೇರೆಯೊಳಕ್ಕೂ ಹೋಗಲು ಕಾರಣವಿದೆ. ಅಡುಗೆಯಾಳಿನ ಬಳಿಗೆ ಹಸಿದವರೆಲ್ಲರೂ ಬರುತ್ತಾರೆ. ಅಪರಿಚಿತರ ನಡುವೆ ಮಾತು ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಲ್ಲದೆ ಮಳೆಯಲ್ಲಿ ಒಲೆ ಹೊತ್ತಿಸುವ, ದೊಡ್ಡವರ ಮಾತಿಗೆ ಕಾದು ನಿಲ್ಲುವ ಅನುಭವದಲ್ಲಿ ಗತಕಾಲದ ಬಹುಜನರ ಬದುಕಿನ ಒಂದು ಎಳೆಯಾದರೂ ಕೈಗೆ ಹತ್ತುತ್ತದೆ. ಇಡೀ ಆಟದಲ್ಲಿ ಚರಿತ್ರೆಗೆ ಅತ್ಯಂತ ಸಮೀಪವಾದ ಸ್ಥಾನ ಇದೇ ಎಂದು ನಾವು ಭಾವಿಸುತ್ತೇವೆ.

ಇಂಥ ವಿಚಾರ ಆ ದೇಶಗಳಲ್ಲಿ ನಡೆದೇ ಇಲ್ಲವೆಂದು ಹೇಳಲಾಗದು. 1997ರಲ್ಲಿ ಆಸ್ಲೊದಲ್ಲಿ ಆರಂಭವಾದ ಕ್ನೂಟೆಪುಂಕ್ಟ್ ಎಂಬ ಸಮ್ಮೇಳನವು ಉತ್ತರ ಯೂರೋಪಿನ ನಾಲ್ಕು ದೇಶಗಳಲ್ಲಿ ಸರದಿಯ ಮೇಲೆ ನಡೆಯುತ್ತ, ಈ ಆಟವನ್ನು ಕುರಿತ ಗಂಭೀರ ಚರ್ಚೆಗೆ ವೇದಿಕೆಯಾಗಿದೆ. ಡೆನ್ಮಾರ್ಕಿನ ಹೋಬ್ರೊ ಪಟ್ಟಣದಲ್ಲಿ 2006ರಲ್ಲಿ ತೆರೆದ ಓಸ್ಟರ್‌ಸ್ಕೋವ್ ಎಂಬ ವಸತಿಶಾಲೆಯು ಪಾತ್ರಧಾರಣವನ್ನೇ ಪಾಠಕ್ರಮದ ಸಾಧನವನ್ನಾಗಿ ಮಾಡಿಕೊಂಡಿದೆ. ಇತಿಹಾಸವನ್ನು ಬೋಧಿಸುವವರು ಈ ಪ್ರಯೋಗಗಳನ್ನು ಗಮನಿಸುವುದು ಉಚಿತ.

ಒಟ್ಟಿನಲ್ಲಿ ಹೇಳುವುದಾದರೆ, ಈ ಆಟದ ಯೋಗ್ಯತೆಯನ್ನು ಅದರ ಕೋಟೆಗಳಿಂದಾಗಲಿ ಕವಚಗಳಿಂದಾಗಲಿ ಅಳೆಯುವುದು ಸರಿಯಲ್ಲ. ಅಪರಿಚಿತನೊಬ್ಬನನ್ನು ಅದು ಯಾವ ಸ್ಥಾನದಲ್ಲಿ ಕೂರಿಸುತ್ತದೆ ಎಂಬುದೇ ಅದಕ್ಕೆ ಒರೆಗಲ್ಲು. ಆಡಬೇಕೆನ್ನುವವರಿಗೆ ನಮ್ಮ ಸೂಚನೆ ಇಷ್ಟು: ಎರವಲು ಉಡುಗೆಯಲ್ಲಿ ಹೋಗಿರಿ; ರಕ್ಷಣೆಯ ನಿಯಮಗಳನ್ನು ಕಲಿತು ಹೋಗಿರಿ; ಚಿಕ್ಕ ಪಾತ್ರವನ್ನು ಬೇಡಿ ಪಡೆಯಿರಿ; ಪೂರ್ವಕಥೆಯನ್ನು ಹಿಂದಿರುಗಿ ಬಂದ ಮೇಲೆ ಬರೆಯಿರಿ. ವ್ಯವಸ್ಥಾಪಕರಿಗೆ ಹೇಳಬೇಕಾದುದೂ ಒಂದುಂಟು: ಉಳುವವನ ವೇಷವನ್ನೂ ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಿ.